ಕಡಲಕ್ಕಿಗಳ ಕೆಳಗೆ ಕುಬಸ

ನಮ್ಮ ಮನೆಯ ಹಿತ್ತಲು ದೊಡ್ಡದೇನಲ್ಲ. ಅಡುಗೆಮನೆಯ ಬಾಗಿಲು ತೆಗೆದರೆ ಕಲ್ಲು ಹಾಸಿದ ಒಂದು ತುಂಡು ಅಂಗಳ, ಅದರಾಚೆ ಒಂದಿಷ್ಟು ಹುಲ್ಲು, ಕೊನೆಯಲ್ಲಿ ಸೈಕಲ್ ನಿಲ್ಲಿಸುವ ಮರದ ಶೆಡ್ಡು. ಶೆಡ್ಡಿನ ಮಾಡು ಸಪಾಟಾಗಿದೆ. ಅದರ ಮೇಲೆ ಸಣ್ಣ ಜಲ್ಲಿಕಲ್ಲು ಹರಡಿದ್ದಾರೆ. ನಾನು ಬಸುರಿಯಾಗಿದ್ದ ವರ್ಷದ ಮೇ ತಿಂಗಳಲ್ಲಿ ಒಂದು ಜೋಡಿ ಕಡಲಕ್ಕಿ ಅಲ್ಲಿ ಗೂಡು ಮಾಡಿತು. ನೂರ್ಡ್‌ವೈಕಿನಲ್ಲಿ, ಈ ಡಚ್ ಕಡಲತೀರದ ಊರಿನಲ್ಲಿ, ಕಡಲಕ್ಕಿಗಳೇನು ಹೊಸದಲ್ಲ. ಸಮುದ್ರದಂಡೆಯಲ್ಲಿ ನಿಂತು ಕರಿದ ಮೀನು ತಿನ್ನುವವರ ಕೈಯಿಂದಲೇ ಕಿತ್ತುಕೊಂಡು ಹೋಗುವ ಜಾತಿ ಅದು. ಆದರೆ ನಮ್ಮ ಶೆಡ್ಡಿಗೆ ಅವು ಬಂದದ್ದು ಅದೇ ಮೊದಲು.

ನಾನು ಗದಗಿನವಳು. ಲೈಡನ್ನಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದು, ಅಲ್ಲೇ ಪಾಠ ಹೇಳುತ್ತ ಇಲ್ಲಿಯೇ ಉಳಿದೆ. ಗಂಡ ಮೈಸೂರಿನವನು, ಇದೇ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಆ ಬಸುರಿಗೆ ಮೊದಲು ಎರಡು ಸಲ ನನಗೆ ಗರ್ಭ ನಿಂತಿರಲಿಲ್ಲ. ಎರಡು ಸಲವೂ ನಾವು ಯಾರಿಗೂ ಹೇಳಿರಲಿಲ್ಲ. ಹಾಗಾಗಿ ದುಃಖವನ್ನೂ ಯಾರ ಹತ್ತಿರವೂ ಹೇಳಿಕೊಳ್ಳಲಾಗಲಿಲ್ಲ. ಮೂರನೆಯದು ಐದು ತಿಂಗಳು ದಾಟಿದ ದಿನ ನಾನು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ಈ ಸಲ ಮುಚ್ಚಿಡುವುದಿಲ್ಲ. ಅವ್ವನಿಗೆ ಫೋನು ಮಾಡಿ, “ಕುಬಸ ಇಲ್ಲೇ ಮಾಡೂಣು, ಬಾ” ಎಂದೆ. ಕುಬಸವೆಂದರೆ ನಮ್ಮ ಕಡೆಯ ಸೀಮಂತ: ತವರಿನಿಂದ ಬರುವ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಹೆಂಗಸರ ಹಾಡು, ಬಂದವರಿಗೆಲ್ಲ ಊಟ. ಯಾವುದೂ ಬಿಡಬಾರದೆಂದು ನನ್ನ ಹಟ. ಡೀಮೆನ್, ಬೈಟನ್‌ವೆಲ್ಡರ್ಟ್, ಲೈಡನ್, ಎಲ್ಲೆಲ್ಲಿ ಗೆಳೆಯರಿದ್ದರೋ ಅವರನ್ನೆಲ್ಲ ಕರೆದೆ. ನಮ್ಮ ಪಡಸಾಲೆಯಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವರು ಮೆಟ್ಟಿಲ ಮೇಲೆ ಕೂರಬೇಕು. ಜೂನ್ ಕೊನೆಯ ಭಾನುವಾರ ಹಿತ್ತಲಲ್ಲೇ ಕಾರ್ಯಕ್ರಮ ಎಂದು ನಿಶ್ಚಯವಾಯಿತು.

ಅವ್ವ ಬಂದಳು. ಬಂದ ವಾರದಲ್ಲೇ ಬಿಸಿಲು ನೋಡಿ ಅವಳ ಕೈ ಸುಮ್ಮನಿರಲಿಲ್ಲ. ಅಕ್ಕಿಹಿಟ್ಟು ಕುದಿಸಿ, ಹಿತ್ತಲ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕುಬಸದ ಊಟಕ್ಕೆಂದು ಸಂಡಿಗೆ ಇಟ್ಟಳು. ಒಳಗೆ ಬಂದು ಚಹಾ ಕುಡಿದು ಹೋಗಿ ನೋಡುವಷ್ಟರಲ್ಲಿ ಹಾಳೆಯ ಮೇಲೆ ಹಿಟ್ಟಿನ ಕಲೆಗಳಷ್ಟೇ ಇದ್ದವು. ಶೆಡ್ಡಿನ ಅಂಚಿನಲ್ಲಿ ಗಂಡು ಹಕ್ಕಿ ನಿಂತು ಕೊಕ್ಕು ಒರೆಸಿಕೊಳ್ಳುತ್ತಿತ್ತು.

“ಯವ್ವಾ, ಈ ಊರಾಗ ಕಾಗಿನೂ ಬೆಳ್ಳಗದಾವಲ್ಲ!” ಎಂದಳು ಅವ್ವ. “ಒಂದರ ಉಳಿಸ್ಯಾವೇನು ನೋಡು.”

ಮರುದಿನ ಅವಳು ಹಿಟ್ಟಿಗೆ ಸರಿಯಾಗಿ ಹಸಿಮೆಣಸಿನಕಾಯಿ ಅರೆದು ಹಾಕಿದಳು. ಬಾಯಿ ಸುಟ್ಟರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವಳ ಲೆಕ್ಕ. ಹಕ್ಕಿ ಬಂತು. ಮೊದಲ ದಿನಕ್ಕಿಂತ ಹೆಚ್ಚು ಉತ್ಸಾಹದಲ್ಲಿ ತಿಂದು ಹೋಯಿತು. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲವೆಂದು ನಾನು ಆಮೇಲೆ ಓದಿದೆ. ಅವ್ವ ಮಾತ್ರ, “ನಮ್ಮ ಕಡೆ ಯಾವ ಬೀಗರೂ ಇಷ್ಟು ಖಾರ ಉಣ್ಣೂದಿಲ್ಲ,” ಎಂದು ಒಪ್ಪಿಕೊಂಡು ಸಂಡಿಗೆಯನ್ನು ಮಹಡಿಯ ಕಿಟಕಿಯ ಒಳಗೆ ಒಣಗಿಸಿದಳು. ಆ ಸುತ್ತಿನಲ್ಲಿ ನಾವು ಸೋತೆವು.

ಜೂನ್ ಆರಂಭದಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬಂದವು. ಬೂದು ಬಣ್ಣದ, ಚುಕ್ಕೆಚುಕ್ಕೆಯ ಎರಡು ಉಣ್ಣೆಯುಂಡೆಗಳು. ಮಲಗುವ ಕೋಣೆಯ ಕಿಟಕಿಯಿಂದ ನೋಡಿ ನಾನು ಖುಷಿಪಟ್ಟೆ. ಆ ಖುಷಿ ಒಂದು ಮಧ್ಯಾಹ್ನದವರೆಗೆ. ಊಟ ಮುಗಿಸಿ ಹುಲ್ಲಿನ ಮೇಲೆ ಕಾಲಾಡಿಸೋಣವೆಂದು ಹೊರಗೆ ಹೋದೆ. ತಲೆಯ ಹಿಂದೆ ರೆಕ್ಕೆಯ ಗಾಳಿ ಬೀಸಿತು, ಅದರ ಹಿಂದೆಯೇ ಯಾರೋ ಗೆಣ್ಣಿನಿಂದ ಕುಟ್ಟಿದ ಹಾಗೆ ನೆತ್ತಿಗೊಂದು ಏಟು. ನಾನು ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕುಕ್ಕರಿಸಿದೆ. ಹಕ್ಕಿ ತಿರುಗಿ ಮತ್ತೆ ಬಂತು. ಈಗ ಎರಡು. ಅವ್ವ ಲಟ್ಟಣಿಗೆ ಹಿಡಿದು ಓಡಿಬಂದು ನನ್ನನ್ನು ಒಳಗೆ ಎಳೆದುಕೊಂಡಳು. ಏಟು ದೊಡ್ಡದಲ್ಲ, ಗಾಯವೂ ಆಗಿರಲಿಲ್ಲ. ಆದರೂ ಒಳಗೆ ಕೂಸು ಒದ್ದದ್ದು ಗೊತ್ತಾದ ಮೇಲೆಯೇ ನನಗೆ ಉಸಿರು ಬಂದದ್ದು.

ಅಂದಿನಿಂದ ಯಾರು ಬಾಗಿಲು ತೆಗೆದರೂ ದಾಳಿ. ಗಂಡ ಬೆಳಿಗ್ಗೆ ಸೈಕಲ್ ತೆಗೆಯಲು ಹೋಗುವಾಗ ಮನೆಯೊಳಗಿಂದಲೇ ಹೆಲ್ಮೆಟ್ ಹಾಕಿಕೊಂಡು ಹೋಗುತ್ತಿದ್ದ. ಒಂದು ದಿನ ಅವನ ಆಫೀಸಿನ ಅಂಗಿಯ ಮೇಲೆ ಹಕ್ಕಿ ಬಿಳಿ ಹಿಕ್ಕೆ ಸುರಿಸಿತು. ಅವನು ವಾಪಸು ಬಂದು ಬಟ್ಟೆ ಬದಲಿಸಿ, ಮುಂದಿನ ಬಾಗಿಲಿನಿಂದ ಬಸ್ಸಿಗೆ ಹೋದ.

ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದರು. ಎತ್ತರದ ಡಚ್ ಹೆಂಗಸು, ಮಾತು ಕಡಿಮೆ. ಬಾಗಿಲೊಳಗೆ ನಿಂತೇ, ಈ ಹಕ್ಕಿಗಳಿಗೆ ಏನು ಮಾಡುವುದೆಂದು ಬೇಲಿಯಾಚೆಗೆ ಕೂಗಿ ಅವರನ್ನು ಕೇಳಿದೆ. ಅವರು ಅಡುಗೆಮನೆಯ ಕಿಟಕಿಯನ್ನು ಸ್ವಲ್ಪವೇ ತೆರೆದು ಹೇಳಿದರು:

“ಹಿಂದಿನ ವರ್ಷಗಳಲ್ಲಿ ಅವು ನನ್ನ ಮಾಡಿನ ಮೇಲಿದ್ದವು. ಜೂನ್ ಪೂರ್ತಿ ನಾನು ಹಿತ್ತಲನ್ನು ಅವುಗಳಿಗೆ ಬಿಟ್ಟುಕೊಡುತ್ತೇನೆ. ಜುಲೈ ಕೊನೆಗೆ ಹೋಗುತ್ತವೆ. ಏನೂ ಮಾಡಲಾಗುವುದಿಲ್ಲ.”

ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಿಟಕಿಯ ಆಚೆಗಿನ ಆ ಮುಖವನ್ನೇ ನೋಡುತ್ತ, “ಇದ್ದ ಒಂದೀಟು ಬ್ಯಾಸಗಿನೂ ಹಕ್ಕಿಗೆ ಕೊಟ್ಟು ಒಳಗ ಕೂಡ್ತಾರ?” ಎಂದಳು. ಅವಳ ದನಿಯಲ್ಲಿ ಕನಿಕರಕ್ಕಿಂತ ಸಿಟ್ಟು ಹೆಚ್ಚಿತ್ತು.

ನಾನು ಹೆಮೇಂಟೆಗೆ, ಅಂದರೆ ನಮ್ಮ ಪುರಸಭೆಗೆ ಫೋನು ಮಾಡಿದೆ. ಅತ್ತ ಕಡೆಯ ಹೆಂಗಸು ಸಮಾಧಾನದಿಂದ ಕೇಳಿಸಿಕೊಂಡು, ಗೂಡು, ಮೊಟ್ಟೆ, ಮರಿ ಯಾವುದನ್ನೂ ತೆಗೆಯುವಂತಿಲ್ಲ, ಅವಕ್ಕೆ ಕಾನೂನಿನ ರಕ್ಷಣೆಯಿದೆ ಎಂದಳು. ನಾನು ಬಸುರಿ ಎಂದೆ. ಅವಳು ಮನಸಾರೆ ಅಭಿನಂದಿಸಿದಳು. ಆಮೇಲೆ ಒಂದು ಉಪಾಯ ಹೇಳಿದಳು: “ಹೊರಗೆ ಹೋಗುವಾಗ ತಲೆಗಿಂತ ಎತ್ತರಕ್ಕೆ ಒಂದು ಕೋಲನ್ನೋ ಛತ್ರಿಯನ್ನೋ ಹಿಡಿದುಕೊಳ್ಳಿ. ಅವು ಎಲ್ಲಕ್ಕಿಂತ ಎತ್ತರದಲ್ಲಿರುವುದನ್ನೇ ಹೊಡೆಯುತ್ತವೆ.”

ಅವ್ವ ಅದನ್ನು ಕೇಳಿದ್ದೇ ತಡ, ಉದ್ದ ಹಿಡಿಯ ಕಸಬರಿಗೆಯ ತುದಿಗೆ ಕೆಂಪು ಟವೆಲ್ ಕಟ್ಟಿ ಬಾವುಟದ ಹಾಗೆ ಎತ್ತಿ ಹಿಡಿದು ಹಿತ್ತಲಿಗೆ ನಡೆದಳು. ಹಕ್ಕಿ ಬಂದು ಟವೆಲಿಗೆ ಹೊಡೆಯಿತು. ಇನ್ನೊಂದೂ ಟವೆಲಿಗೇ ಹೊಡೆಯಿತು. ಅವ್ವ ಬಾವುಟದ ಕೆಳಗೆ ನೆಟ್ಟಗೆ ನಡೆದುಹೋಗಿ, ಶೆಡ್ಡಿನ ಬಳಿಯ ಕುಂಡದಿಂದ ಕೊತ್ತಂಬರಿ ಕಿತ್ತುಕೊಂಡು, ಅಷ್ಟೇ ನಿಧಾನವಾಗಿ ವಾಪಸು ಬಂದಳು. ಪಕ್ಕದ ಮನೆಯ ಕಿಟಕಿಯಲ್ಲಿ ಶಿಕ್ಷಕಿಯ ಮುಖ ಕಂಡಿತು. ಅವರು ಕೈ ಎತ್ತಿದರು. ಅವ್ವ ಕೊತ್ತಂಬರಿ ಎತ್ತಿದಳು.

ಬಾವುಟ ಹಿಡಿದು ಒಬ್ಬರು ಓಡಾಡಬಹುದು. ಮೂವತ್ತು ಜನ ಊಟಕ್ಕೆ ಕೂರುವುದು ಹೇಗೆ? ಗಂಡ ಆ ರಾತ್ರಿ ಊಟದ ಹೊತ್ತಿಗೆ ಮಾತು ತೆಗೆದ.

“ಇದು ಸೇಫ್ ಅಲ್ಲ ಅತ್ತೆ. ರಿಸ್ಕ್ ಯಾಕೆ ತಗೋಬೇಕು? ಬೈಟನ್‌ವೆಲ್ಡರ್ಟ್‌ನಲ್ಲಿ ನಮ್ಮ ಫ್ರೆಂಡ್ ಅಪಾರ್ಟ್‌ಮೆಂಟ್ ಕೆಳಗೆ ಒಂದು ರೂಮ್ ಇದೆ. ಬುಕ್ ಮಾಡ್ಬಿಡೋಣ. ಎಸಿ ಇದೆ, ಟಾಯ್ಲೆಟ್ ಇದೆ, ಹಕ್ಕಿ ಇಲ್ಲ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಒಪ್ಪಲಿಲ್ಲ. “ಎರಡು ಸಲ ಬಾಗಿಲು ಹಾಕ್ಕೊಂಡು ಅತ್ತಿದೀನಿ ನಾನು,” ಎಂದೆ. “ಈ ಸಲ ಬಾಗಿಲು ತೆಗೆದು ಕೂತ್ಕೋಬೇಕು. ನನ್ನ ಮನೇಲಿ, ನನ್ನ ಹಿತ್ತಲಲ್ಲಿ, ಬಿಸಿಲಲ್ಲಿ.”

ಅವನು ನನ್ನ ತಟ್ಟೆಗೆ ಮೊಸರು ಹಾಕಿ, “ಸರಿ, ಹಾಗಾದ್ರೆ ಡಿಸೈನ್ ಮಾಡೋಣ,” ಎಂದ.

ಅವ್ವ ಚಪಾತಿ ಮಡಚುತ್ತ, “ಡಿಸೈನ್ ಎದಕ್ಕ ಅಳಿಯಾವ್ರ? ಹಂದರ ಹಾಕೂಣು,” ಎಂದಳು. “ಶುಭಕಾರ್ಯಕ್ಕ ಹೆಂಗೂ ಹಂದರ ಬೇಕು. ಮ್ಯಾಲ ಅರಿವಿ ಇದ್ರ ಅದು ಎಲ್ಲಿಂದ ಬಂದು ಬಡೀತದ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟು ಸುಲಭದ ಮಾತು ಅಷ್ಟು ದಿನ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ತೋಟದ ಸಾಮಾನಿನ ಅಂಗಡಿಯಿಂದ ಬಿದಿರಿನ ಗಳಗಳು, ಹಗ್ಗ ಬಂದವು. ಕುಬಸಕ್ಕೆ ಒಂದು ವಾರ ಮೊದಲು, ಶನಿವಾರ, ಪರೀಕ್ಷೆಗೆಂದು ಮನೆಯ ದೊಡ್ಡ ಬೆಡ್‌ಶೀಟುಗಳನ್ನು ಹೊಲಿದು ಒಂದೇ ಚಪ್ಪರವಾಗಿ ಕಟ್ಟಿದೆವು. ಬಾವುಟದ ಕಸಬರಿಗೆಯನ್ನು ಬೇಲಿಗೆ ಎತ್ತರವಾಗಿ ಕಟ್ಟಿ ನಿಲ್ಲಿಸಿದ್ದರಿಂದ ಹಕ್ಕಿಗಳು ಅದರ ಜೊತೆ ಜಗಳದಲ್ಲಿದ್ದವು. ಹಂದರ ನಿಂತಿತು. ಕೆಳಗೆ ನೆರಳು ಬಿತ್ತು. ಅವ್ವ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಬೆಡ್‌ಶೀಟು ಹಾಯಿಯ ಹಾಗೆ ಉಬ್ಬಿ, ಗಳಗಳನ್ನು ಬುಡಸಮೇತ ಎತ್ತಿಕೊಂಡು, ಬೇಲಿ ಹಾರಿ, ಶಿಕ್ಷಕಿಯ ಹೂಗಿಡಗಳ ಮೇಲೆ ಹೋಗಿ ಮಲಗಿತು.

ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಶಿಕ್ಷಕಿ ಹಿತ್ತಲ ಬಾಗಿಲು ತೆರೆದು, ಬಿಚ್ಚಿದ ಛತ್ರಿ ತಲೆಯ ಮೇಲೆತ್ತಿ ಹೊರಗೆ ಬಂದರು. ಬಿದ್ದ ಚಪ್ಪರವನ್ನು ಸುತ್ತುಹಾಕಿ ನೋಡಿದರು. ಅವರು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

“ನಾನೂ ನನ್ನ ಗಂಡನೂ ಇಪ್ಪತ್ತು ವರ್ಷ ಹಾಯಿದೋಣಿ ನಡೆಸಿದವರು,” ಎಂದರು. “ನೀವು ಮಾಡಿದ್ದು ಒಳ್ಳೆಯ ಹಾಯಿ. ನಿಮಗೆ ಬೇಕಾದದ್ದು ಕೆಟ್ಟ ಹಾಯಿ. ಗಾಳಿ ನುಗ್ಗಿ ಹೋಗಬೇಕು.”

ಗಂಡ ತಕ್ಷಣ ಹಿಡಿದುಕೊಂಡ. “ಒಂದೇ ಶೀಟ್ ಬೇಡ, ಸ್ಟ್ರಿಪ್ಸ್ ಮಾಡೋಣ. ಮಧ್ಯೆ ಮಧ್ಯೆ ಗ್ಯಾಪ್ ಬಿಟ್ರೆ ಗಾಳಿ ಪಾಸ್ ಆಗತ್ತೆ, ಹಕ್ಕಿ ಪಾಸ್ ಆಗಲ್ಲ.”

“ಪಟ್ಟಿ ಪಟ್ಟಿ ಅಂದ್ರ ಸೀರಿ ಇದ್ದಽ ಅದಾವಲ್ಲ,” ಎಂದು ಅವ್ವ ಒಳಗೆ ಹೋಗಿ ತನ್ನ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆಗಳನ್ನು ತಂದಳು. ಬಾಣಂತನದಲ್ಲಿ ಕೂಸಿಗೆ ಹಾಸಲು, ಹೊದಿಸಲು ಎಂದು ಮೆತ್ತಗಾದ ಸೀರೆಗಳನ್ನೇ ಆರಿಸಿ ತಂದಿದ್ದಳು. ನಾನು ನನ್ನವನ್ನೂ ಕೊಟ್ಟೆ.

ಆದರೆ ಆ ದಿನ ಕೆಲಸ ಅಲ್ಲಿಗೇ ನಿಂತಿತು. ಗದ್ದಲಕ್ಕೆ ಗಾಬರಿಯಾಗಿಯೋ, ಅಂಚಿಗೆ ಬಂದು ಇಣುಕಿಯೋ, ಒಂದು ಮರಿ ಶೆಡ್ಡಿನ ಮೇಲಿಂದ ಕೆಳಗೆ ಬಿತ್ತು. ನಾವು ಹಂದರ ಹಾಕಬೇಕಾದ ಹುಲ್ಲಿನ ನಟ್ಟನಡುವೆ ನಿಂತು ಕೀರಲು ದನಿಯಲ್ಲಿ ಕೂಗತೊಡಗಿತು. ರೆಕ್ಕೆ ಇನ್ನೂ ಬಲಿತಿರಲಿಲ್ಲ. ತಂದೆತಾಯಿ ಎರಡೂ ಹುಚ್ಚೆದ್ದವು. ಅದುವರೆಗಿನ ದಾಳಿಯೆಲ್ಲ ಆಟ ಅನ್ನಿಸುವ ಹಾಗೆ ಅವು ಮೇಲಿಂದ ಎರಗಿದವು. ಬೇಲಿಯ ಕೊನೆಯಲ್ಲಿ ಯಾರದೋ ಬೆಕ್ಕು ಬಂದು ಕೂತಿದ್ದನ್ನು ನಾನು ಮೊದಲು ಕಂಡೆ.

“ಅವ್ವಾ, ಬೆಕ್ಕು!”

ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ. ತಲೆಗೆ ಬೋಗುಣಿ ಬೋರಲು ಹಾಕಿಕೊಂಡು, ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೋಗಿ ಮರಿಯ ಮೇಲೆ ಮುಚ್ಚಿದಳು. ಬೋಗುಣಿಯ ಮೇಲೆ ಟಣ್ಣೆಂದು ಸದ್ದು. ಬೆಕ್ಕು ಓಡಿತು.

ಮರಿಯನ್ನು ಮೇಲೆ ಬಿಡಬೇಕಿತ್ತು. ಶಿಕ್ಷಕಿ ತಮ್ಮ ಏಣಿ ಕೊಟ್ಟು, ತಾವೇ ಬುಡ ಹಿಡಿದು ನಿಂತರು. ನಾನು ಅಡುಗೆಮನೆಯ ಬಾಗಿಲೊಳಗೆ ನಿಂತು ಎಲ್ಲಕ್ಕಿಂತ ಉದ್ದದ ಗಳದ ತುದಿಗೆ ಇನ್ನೊಂದು ಕೆಂಪು ಟವೆಲ್ ಕಟ್ಟಿ ಹೊರಕ್ಕೆ ಚಾಚಿ ಬೀಸಿದೆ. ಹಕ್ಕಿಗಳು ಟವೆಲಿನ ಮೇಲೆ ಬಿದ್ದವು. ಗಳ ನನ್ನ ಕೈಯಲ್ಲಿ ಎಳೆದಾಡುತ್ತಿತ್ತು, ನಾನು ಬಿಡಲಿಲ್ಲ. ಗಂಡ ಹೆಲ್ಮೆಟ್ಟು, ಮಳೆಯಂಗಿ ಹಾಕಿಕೊಂಡು, ಬುಟ್ಟಿಯೊಳಗಿನ ಮರಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಏಣಿ ಹತ್ತಿದ. ಮರಿ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದಿತ್ತು.

“ಬಿಡೋ ಮಾರಾಯ, ನಿಮ್ಮನೇಗೇ ಬಿಡ್ತಿರೋದು!” ಎಂದು ಅವನು ಮೇಲಿಂದ ಕೂಗಿದ.

ಮರಿ ಜಲ್ಲಿಕಲ್ಲಿನ ಮೇಲೆ ಓಡಿ ತನ್ನ ಜೊತೆಯದರ ಪಕ್ಕ ಸೇರಿಕೊಂಡಿತು. ತಾಯಿ ಹಕ್ಕಿ ಇಳಿಯಿತು. ಗಂಡ ಇಳಿದು ಬಂದಾಗ ಅವನ ಮಳೆಯಂಗಿಯ ಬೆನ್ನೆಲ್ಲ ಬಿಳಿಬಿಳಿ. ಶಿಕ್ಷಕಿ ಅವನ ಭುಜ ತಟ್ಟಿದರು, ಅವ್ವ ಶಿಕ್ಷಕಿಯ ಕೈ ಹಿಡಿದು ಒಳಗೆ ಕರೆತಂದು ಚಹಾ ಕೊಟ್ಟಳು. ಅವ್ವ ಕನ್ನಡದಲ್ಲೇ ಮಾತಾಡಿದಳು, ಅವರು ಡಚ್ಚಿನಲ್ಲೇ ಉತ್ತರಿಸಿದರು. ಇಬ್ಬರೂ ಸಂಜೆಯವರೆಗೆ ಬಹಳ ಚೆನ್ನಾಗಿ ಹರಟಿದರು. ಮಧ್ಯದಲ್ಲಿ ನಾನು ಭಾಷಾಂತರಕ್ಕೆ ಹೋದರೆ ಇಬ್ಬರೂ ನನ್ನನ್ನು ಸುಮ್ಮನಿರಿಸಿದರು.

ಮುಂದಿನ ಶನಿವಾರ ಹಂದರ ಎದ್ದಿತು. ಸೀರೆಗಳನ್ನು ಉದ್ದಕ್ಕೆ ಕಟ್ಟಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಗೇಣಿನಷ್ಟು ಜಾಗ ಬಿಟ್ಟೆವು. ಗಂಟುಗಳೆಲ್ಲ ಶಿಕ್ಷಕಿಯವು, ದೋಣಿಯ ಗಂಟುಗಳು, ಎಳೆದಷ್ಟೂ ಬಿಗಿಯಾಗುವಂಥವು. ಹಿತ್ತಲು ಚಿಕ್ಕದಾಗುತ್ತದೆಂದು ಅವರೇ ಹೇಳಿ ಎರಡು ಮನೆಗಳ ನಡುವಿನ ಬೇಲಿಯ ಹಲಗೆಗಳನ್ನು ಬಿಚ್ಚಿಸಿದರು. ಹಂದರ ಅವರ ಕಡೆಗೂ ಹಬ್ಬಿತು. ಮಾವಿನೆಲೆ ಎಲ್ಲಿ ತರುವುದು? ಅವರ ಬೇಲಿಗಿಡದ ಹಸಿರೆಲೆಯನ್ನೇ ದಾರಕ್ಕೆ ಪೋಣಿಸಿ ತೋರಣ ಮಾಡಿದೆವು. ಸಂಜೆ ಗಾಳಿ ಬಂತು, ಬೆಡ್‌ಶೀಟು ಹಾರಿಸಿದಂಥದೇ ಗಾಳಿ. ಸೀರೆಗಳು ಪಟಪಟನೆ ಬಡಿದುಕೊಂಡವು. ಗಳ ಒಂದೂ ಅಲುಗಲಿಲ್ಲ. ಗಂಡ ಹಂದರದ ಕೆಳಗೆ ಕೈ ಕಟ್ಟಿಕೊಂಡು ನಿಂತು ಬಹಳ ಹೊತ್ತು ಮೇಲೆ ನೋಡಿದ. ಅವನು ಕಟ್ಟಿದ ಯಾವ ಉಪಗ್ರಹದ ಬಗ್ಗೆಯೂ ಅವನ ಮುಖದಲ್ಲಿ ಅಷ್ಟು ಹೆಮ್ಮೆ ನಾನು ಕಂಡಿಲ್ಲ.

ಭಾನುವಾರ ಜನ ಬಂದರು. ಬಾಗಿಲಲ್ಲೇ ಎಲ್ಲರಿಗೂ ಒಂದೇ ಸೂಚನೆ: ಬಟ್ಟೆಯ ಕೆಳಗೇ ಇರಿ. ಡೀಮೆನ್‌ನಿಂದ ಬಂದ ಹುಡುಗಿಯರು ಹೆದರಿ ಹೆದರಿ ಹೊರಗೆ ಕಾಲಿಟ್ಟು, ಮೇಲೆ ನೋಡಿ, “ವಾವ್, ಎಷ್ಟು ಚೆನ್ನಾಗಿದೆ ಆಂಟಿ!” ಎಂದು ಅವ್ವನ ಕೈ ಹಿಡಿದರು. ಮೇಲೆ ಹಕ್ಕಿಗಳು ಎರಗಿ ಬರುತ್ತಿದ್ದವು. ಸೀರೆಯ ಹತ್ತಿರ ಬಂದು, ಕೆಳಗಿನವರು ಕಾಣದೆ, ರೆಕ್ಕೆ ತಿರುಗಿಸಿ ಮೇಲೆ ಹೋಗುತ್ತಿದ್ದವು. ಸಲಸಲಕ್ಕೂ ಕೆಳಗಿನಿಂದ ಹೋ ಎಂದು ಕೂಗು. ಸ್ವಲ್ಪ ಹೊತ್ತಿಗೆ ಅವುಗಳಿಗೂ ಸಾಕಾಯಿತು. ಶೆಡ್ಡಿನ ಅಂಚಿನಲ್ಲಿ ಜೋಡಿಯಾಗಿ ನಿಂತು ಬೈಯುವುದಷ್ಟೇ ಉಳಿಯಿತು.

ಹಸಿರು ಸೀರೆಯುಟ್ಟು ನಾನು ಕುರ್ಚಿಯಲ್ಲಿ ಕೂತೆ. ಅವ್ವ ಬಳೆ ತೊಡಿಸಿದಳು, ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಕೊಟ್ಟಳು. ಐವರು ಹೆಂಗಸರು ಉಡಿ ತುಂಬಬೇಕು. ನಾಲ್ವರು ತುಂಬಿದ ಮೇಲೆ ಅವ್ವ ಸುತ್ತ ನೋಡಿ, ಶಿಕ್ಷಕಿಯ ಮುಂದೆ ಹೋಗಿ ನಿಂತಳು. ಅವರ ಗಂಡ ತೀರಿಕೊಂಡಿದ್ದರೆಂದು ಅವ್ವನಿಗೆ ಗೊತ್ತಿತ್ತು. ಆ ಚಹಾದ ದಿನವೇ ಹೇಗೋ ತಿಳಿದುಕೊಂಡಿದ್ದಳು. ಗದಗಿನಲ್ಲಾದರೆ ಈ ಕೆಲಸಕ್ಕೆ ಅಂಥವರನ್ನು ಕರೆಯುವುದಿಲ್ಲ. ನಾನು ಅವ್ವನ ಮುಖ ನೋಡಿದೆ.

“ಹಂದರಾ ಗಟ್ಟಿ ನಿಲ್ಲಿಸಿದ ಕೈ ಅದು,” ಎಂದಳು ಅವ್ವ, ಎಲ್ಲರಿಗೂ ಕೇಳುವ ಹಾಗೆ. “ಅದಽ ಕೈಲೆ ನನ್ನ ಮಗಳ ಉಡಿ ತುಂಬಲಿ.”

ಶಿಕ್ಷಕಿಗೆ ಮಾತು ಅರ್ಥವಾಗಲಿಲ್ಲ, ಕೈಗೆ ಬಂದ ಅಕ್ಕಿ, ಕೊಬ್ಬರಿಬಟ್ಟಲು ಅರ್ಥವಾದವು. ಹಿಂದಿನವರು ಮಾಡಿದ್ದನ್ನು ಗಮನಿಸಿ ನೋಡಿಕೊಂಡಿದ್ದರು. ಒಂದು ಕಾಳೂ ಚೆಲ್ಲದೆ ನನ್ನ ಸೆರಗಿಗೆ ಹಾಕಿದರು. ಆಮೇಲೆ ಬಗ್ಗಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ತಮ್ಮ ಪದ್ಧತಿಯ ಪ್ರಕಾರ ಮೂರನೆಯದನ್ನೂ ಇಟ್ಟರು. ನನಗೆ ಅಳು ಬಂತು. ಮೂವತ್ತು ಜನರ ಎದುರಿಗೆ, ಬಿಸಿಲಲ್ಲಿ, ಬಾಯಿತುಂಬ ನಗುತ್ತ ಅತ್ತೆ. ಹೆಂಗಸರು ಸೋಬಾನೆ ಎತ್ತಿದರು. ಹಕ್ಕಿಗಳು ಅವರಿಗಿಂತ ಗಟ್ಟಿಯಾಗಿ ಕೂಗಿದವು, ಹೆಂಗಸರು ಅವುಗಳಿಗಿಂತ ಗಟ್ಟಿಯಾಗಿ ಹಾಡಿದರು. ಕೊನೆಗೆ ಹಕ್ಕಿಗಳೇ ಸುಮ್ಮನಾದವು.

ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರಿದ ಸಂಡಿಗೆ. ಒಂದು ತುಣುಕೂ ಹಕ್ಕಿಯ ಪಾಲಾಗಲಿಲ್ಲ. ಹೋಗುವಾಗ ಬೈಟನ್‌ವೆಲ್ಡರ್ಟ್‌ನ ಗೆಳೆಯ, ಆ ಎಸಿ ರೂಮಿನ ಕಟ್ಟಡದವನು, ಗಂಡನನ್ನು ಕೇಳಿದ: “ಏನ್ ಗುರೂ, ಈ ಹಂದರ ಬಾಡಿಗೆಗೆ ಕೊಡ್ತೀಯಾ? ಮುಂದಿನ ತಿಂಗಳು ನಮ್ಮನೇಲಿ ನಾಮಕರಣ.”

ಗಂಡ ಕೊಡಲಿಲ್ಲ. ನಾವು ಹಂದರವನ್ನು ಬಿಚ್ಚಲೂ ಇಲ್ಲ. ಜುಲೈ ಪೂರ್ತಿ ಅದು ಎರಡು ಹಿತ್ತಲುಗಳ ಮೇಲೆ ಹಾಗೆಯೇ ನಿಂತಿತು. ಮಧ್ಯಾಹ್ನ ನಾನು ಅದರ ಕೆಳಗೆ ಕಾಲು ಚಾಚಿ ವಿದ್ಯಾರ್ಥಿಗಳ ಬರಹ ಓದುತ್ತಿದ್ದೆ, ಪಕ್ಕದಲ್ಲಿ ಅವ್ವ ಕೂಸಿಗೆ ಕುಲಾವಿ ಹೆಣೆಯುತ್ತಿದ್ದಳು, ಶಿಕ್ಷಕಿ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಮರಿಗಳು ದೊಡ್ಡವಾಗಿ ಹಾರಲು ಕಲಿಯುವಾಗ ಶೆಡ್ಡಿನಿಂದ ಹಾರಿ ಮೊದಲು ಬಂದಿಳಿಯುತ್ತಿದ್ದದ್ದು ಸೀರೆಯ ಮೇಲೆಯೇ. ಇಳಕಲ್ ದಡಿಯ ಪಕ್ಕದಲ್ಲಿ ಜಾಲಪಾದಗಳ ನೆರಳು ಒಂದೊಂದೇ ಹೆಜ್ಜೆ ಇಟ್ಟು ನಮ್ಮ ತಲೆಯ ಮೇಲೆ ನಡೆದುಹೋಗುತ್ತಿತ್ತು. ನಾವು ಮೂವರೂ ಕೈಯಲ್ಲಿದ್ದುದನ್ನು ಬಿಟ್ಟು, ಅದು ಅಂಚಿಗೆ ಹೋಗಿ ಹಾರುವವರೆಗೆ ಕತ್ತೆತ್ತಿ ನೋಡುತ್ತಿದ್ದೆವು.